ವರ್ತನೆ ಹಾಲು ಹಾಕಿಸಿಕೊಳ್ತೀರಾ? ಮೊದಲು ಇಷ್ಟು ಕೇಳಿ

ಬೆಳಿಗ್ಗೆ ಆರೂವರೆ. ಗೇಟಿನ ಹತ್ತಿರ ಸೈಕಲ್ ಬೆಲ್ಲು. ‘ಅಮ್ಮಾ, ಹಾಲೂ...’ ಅನ್ನುವ ಕೂಗು. ನೀವು ಕಣ್ಣುಜ್ಜಿಕೊಳ್ಳುತ್ತಾ ಪಾತ್ರೆ ಹಿಡಿದು ಹೋಗ್ತೀರಿ. ಕ್ಯಾನಿನಿಂದ ಒಂದು ಲೀಟರ್ ಅಳೆದು, ಮೇಲೊಂದಿಷ್ಟು ಕೊಸರು ಹಾಕಿ ಹಾಲಿನವರು ಮುಂದಿನ ಮನೆಗೆ ಹೋಗ್ತಾರೆ. ತಿಂಗಳ ಕೊನೆಗೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದನ್ನು ನೋಡಿ ಲೆಕ್ಕ ಚುಕ್ತಾ. ಎಷ್ಟೋ ವರ್ಷಗಳಿಂದ ನಡೆದುಬಂದ ವರ್ತನೆ ಇದು.

ಪ್ಯಾಕೆಟ್ ಹಾಲು ಮನೆ ಬಾಗಿಲಿಗೇ ಬರುವ ಈ ಕಾಲದಲ್ಲೂ ನಗರಗಳಲ್ಲಿ ಈ ಹಾಲು ನಿಂತಿಲ್ಲ. ‘ಕೆನೆ ದಪ್ಪ ಕಟ್ಟುತ್ತೆ’, ‘ಮೊಸರು ಗಟ್ಟಿ ಬರುತ್ತೆ’, ‘ಕಾಫಿಗೆ ಅದರ ರುಚಿಯೇ ಬೇರೆ’ ಅನ್ನುತ್ತೇವೆ. ನಿಜ ಕೂಡ. ಇದರ ಜೊತೆಗೆ ಈಗ ಇನ್ನೊಂದು ಶುರುವಾಗಿದೆ. ಊರಾಚೆಯ ಫಾರ್ಮ್‌ಗಳಿಂದ ಗಾಜಿನ ಬಾಟಲಿಯಲ್ಲಿ ಬರುವ ಹಸಿ ಹಾಲು, ಜೊತೆಗೆ ಅದೇ ಫಾರ್ಮಿನ ಬೆಣ್ಣೆ, ತುಪ್ಪ, ಪನೀರ್. ‘ಯಂತ್ರ ಮುಟ್ಟಿಲ್ಲ, ಹಾಗೇ ಕುಡಿಯಬಹುದು’ ಅಂತ ಹೇಳಿ ಕೊಡುವವರೂ ಇದ್ದಾರೆ.

ಆದರೆ ಒಂದು ಪ್ರಶ್ನೆ. ಅಂಗಡಿಯಲ್ಲಿ ಒಂದು ಬಿಸ್ಕತ್ ಪೊಟ್ಟಣ ಕೊಂಡರೂ ತಿರುಗಿಸಿ ತಾರೀಕು ನೋಡುವ ನಾವು, ಮಕ್ಕಳು ದಿನಾ ಕುಡಿಯುವ ಹಾಲಿನ ಬಗ್ಗೆ ಏನನ್ನಾದರೂ ಕೇಳಿದ್ದೇವಾ? ಆ ಹಸುವನ್ನು ಎಲ್ಲಿ ಕಟ್ಟುತ್ತಾರೆ, ಅದಕ್ಕೆ ಲಸಿಕೆ ಆಗಿದೆಯಾ, ಮಾರುವವರ ಹೆಸರು ಸರ್ಕಾರದ ಪುಸ್ತಕದಲ್ಲಿ ಇದೆಯಾ? ‘ಪಾಪ, ಒಳ್ಳೆಯವರು, ನಮ್ಮ ಅತ್ತೆ ಕಾಲದಿಂದ ಹಾಕ್ತಾರೆ’ ಅನ್ನುವುದೊಂದೇ ನಮ್ಮ ಗ್ಯಾರಂಟಿ!

ಒಳ್ಳೆಯತನದ ಮೇಲೆ ಸಂಶಯ ಬೇಡ. ಆದರೆ ರೋಗಾಣುವಿಗೆ ಒಳ್ಳೆಯವರು, ಕೆಟ್ಟವರು ಅನ್ನುವ ಭೇದವಿಲ್ಲ ನೋಡಿ.

ಕಾನೂನು ಏನನ್ನುತ್ತೆ?

ನಮ್ಮ ದೇಶದಲ್ಲಿ ಹಸಿ ಹಾಲು ಮಾರುವುದು ಅಪರಾಧವಲ್ಲ. ಒಂದೇ ಹಸು ಇಟ್ಟುಕೊಂಡವರೂ ಮಾರಬಹುದು. ಆದರೆ ಅದಕ್ಕೊಂದು ಲೆಕ್ಕ ಇರಬೇಕು ಅನ್ನುತ್ತದೆ ಕಾನೂನು. ಮೊದಲಿದ್ದ 1954ರ ಕಲಬೆರಕೆ ತಡೆ ಕಾಯ್ದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಇದರ ನಿಯಮಗಳು 2011ರ ಆಗಸ್ಟ್‌ನಿಂದ ಜಾರಿಯಾದವು. ಇದನ್ನು ನೋಡಿಕೊಳ್ಳುವ ಪ್ರಾಧಿಕಾರವೇ ಎಫ್‌ಎಸ್‌ಎಸ್‌ಎಐ. ಪೊಟ್ಟಣಗಳ ಮೇಲೆ ಈ ಹೆಸರನ್ನು ನೀವು ನೋಡಿಯೇ ಇರುತ್ತೀರಿ.

ಈ ಕಾಯ್ದೆ ಎರಡು ದಾರಿ ಇಟ್ಟಿದೆ. ದೊಡ್ಡ ವ್ಯಾಪಾರಿಗಳಿಗೆ ಲೈಸೆನ್ಸ್, ಸಣ್ಣವರಿಗೆ ಬರೀ ನೋಂದಣಿ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನವರು ಸಣ್ಣವರು ಎಂದು 2011ರ ನಿಯಮ ಗೆರೆ ಹಾಕಿತು. ಅವರ ನೋಂದಣಿಗೆ ಆಗ ಇಟ್ಟ ಶುಲ್ಕ ವರ್ಷಕ್ಕೆ ಬರೀ 100 ರೂಪಾಯಿ! ಸಣ್ಣವರನ್ನು ಹೆದರಿಸಿ ಓಡಿಸಬಾರದು, ಆದರೆ ಅವರು ಎಲ್ಲಿದ್ದಾರೆ ಅನ್ನುವುದು ಗೊತ್ತಿರಬೇಕು ಎಂಬುದೇ ಇದರ ಉದ್ದೇಶ. ನಾಳೆ ಒಂದು ಬೀದಿಯ ನಾಲ್ಕು ಮನೆಯಲ್ಲಿ ವಾಂತಿ ಭೇದಿ ಶುರುವಾದರೆ ಹಾಲು ಎಲ್ಲಿಂದ ಬಂತು ಎಂದು ಹುಡುಕಲು ದಾರಿ ಬೇಕಲ್ಲ?

ನೋಂದಣಿಯಾದವರಿಗೆ 14 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ಮೊದಲ ಅಂಕಿ 2 ಇದ್ದರೆ ನೋಂದಣಿ, 1 ಇದ್ದರೆ ಲೈಸೆನ್ಸ್ ಎಂದರ್ಥ. ನೆನಪಿಡಿ, ಈ ಸಂಖ್ಯೆ ಇದ್ದ ಮಾತ್ರಕ್ಕೆ ಹಾಲು ಶುದ್ಧ ಎಂದಲ್ಲ. ಮಾರುವವರು ಯಾರು ಅನ್ನುವುದು ದಾಖಲೆಯಲ್ಲಿದೆ, ಶುಚಿತ್ವದ ನಿಯಮ ಪಾಲಿಸುತ್ತೇನೆಂದು ಅವರು ಒಪ್ಪಿಕೊಂಡಿದ್ದಾರೆ, ಅಷ್ಟೇ.

ಡೇರಿಗೆ ಹಾಕುವವರ ಕತೆ ಬೇರೆ

ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವ ಸದಸ್ಯರು ಇದ್ದಾರಲ್ಲ, ಅವರು ಕರೆದ ಹಾಲನ್ನೆಲ್ಲಾ ಸಂಘಕ್ಕೇ ಕೊಡುವುದಾದರೆ ನೋಂದಣಿ ಬೇಡ ಎಂದು ನಿಯಮದಲ್ಲೇ ವಿನಾಯಿತಿ ಇದೆ. ಯಾಕೆಂದರೆ ಅಲ್ಲಿ ಹಾಲಿನ ಪರೀಕ್ಷೆಯಾಗುತ್ತದೆ, ಆಮೇಲೆ ತಣ್ಣಗೆ ಮಾಡಿ ಡೇರಿಗೆ ಒಯ್ದು ಪಾಶ್ಚರೀಕರಣ ಮಾಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ವಿನಾಯಿತಿ ಇರುವುದು ‘ಎಲ್ಲಾ ಹಾಲನ್ನೂ’ ಸಂಘಕ್ಕೆ ಕೊಡುವವರಿಗೆ. ಬೆಳಿಗ್ಗೆಯದು ಡೇರಿಗೆ, ಸಂಜೆಯದು ಬಡಾವಣೆಯ ಹತ್ತು ಮನೆಗೆ ಅನ್ನುವವರಿಗೆ ಈ ವಿನಾಯಿತಿ ಇಲ್ಲ. ಪಾಪ, ಇದು ಎಷ್ಟೋ ಹಾಲಿನವರಿಗೇ ಗೊತ್ತಿರುವುದಿಲ್ಲ. ‘ನಂದು ಡೇರಿ ಮೆಂಬರ್‌ಶಿಪ್ ಐತಲ್ಲಮ್ಮ’ ಅಂದರೆ ಅವರದ್ದು ಸುಳ್ಳಲ್ಲ, ಅರ್ಧ ನಿಜ.

ಬೆಣ್ಣೆ, ತುಪ್ಪ, ಪನೀರ್, ಖೋವಾ ಮನೆಯಲ್ಲೇ ಮಾಡಿ ಮಾರುವವರಿಗೂ ನೋಂದಣಿ ಬೇಕು. ಡಬ್ಬದಲ್ಲೋ ಪೊಟ್ಟಣದಲ್ಲೋ ತುಂಬಿ ಮಾರಿದರೆ ಅದರ ಮೇಲೆ ಹೆಸರು, ವಿಳಾಸ, ತಯಾರಾದ ದಿನ, ಎಷ್ಟು ದಿನ ಇಡಬಹುದು, ತೂಕ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಎಲ್ಲಾ ಇರಬೇಕು. ‘ಊರಿನ ತುಪ್ಪ’ ಅಂತ ಬರೆದ ಚೀಟಿಯೊಂದನ್ನೇ ಅಂಟಿಸಿದರೆ ಸಾಲದು.

ಹಸಿ ಹಾಲಲ್ಲಿ ಏನಿರುತ್ತೆ?

ಆರೋಗ್ಯವಾಗಿರುವ ಹಸುವಿನ ಕೆಚ್ಚಲಿನಿಂದ ಬರುವ ಹಾಲಿಗೂ ಹೊರಗೆ ಬರುತ್ತಿದ್ದಂತೆ ಕೈ, ಪಾತ್ರೆ, ಸಗಣಿ, ನೊಣ, ನೀರು ಎಲ್ಲದರ ಸೋಂಕು ತಗುಲಬಹುದು. ಕರೆದ ಹಾಲು ಬೆಚ್ಚಗಿರುತ್ತದೆ. ಬೆಚ್ಚಗಿದ್ದಷ್ಟು ಹೊತ್ತೂ ಅದರಲ್ಲಿ ರೋಗಾಣುಗಳು ಬೆಳೆಯುತ್ತಲೇ ಇರುತ್ತವೆ. ವಾಂತಿ ಭೇದಿ ತರುವ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದವು ಹೀಗೇ ಬರುವುದು.

ಇನ್ನು ಕೆಲವು ಹಸುವಿನ ಒಳಗಿನಿಂದಲೇ ಬರುತ್ತವೆ. ಹಸುಗಳ ಕ್ಷಯ ಹಾಲಿನಿಂದ ಮನುಷ್ಯರಿಗೆ ಬರಬಹುದು. ಇನ್ನೊಂದು ಬ್ರುಸೆಲ್ಲೋಸಿಸ್, ನಮ್ಮ ರೈತರು ಕಂದು ರೋಗ ಅನ್ನುತ್ತಾರೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ. ಆ ಹಸು ನೋಡಲು ಚೆನ್ನಾಗಿಯೇ ಇರಬಹುದು, ಹಾಲೂ ಬೆಳ್ಳಗೇ ಇರುತ್ತದೆ. ಆದರೆ ಆ ಹಾಲನ್ನು ಹಸಿಯಾಗಿ ಕುಡಿದವರಿಗೆ ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ, ಕೀಲುಗಳಲ್ಲಿ ನೋವು. ಗರ್ಭಿಣಿಯರಲ್ಲಿ ಗರ್ಭಪಾತವೂ ಆಗಬಹುದು. ವಾರಗಟ್ಟಲೆ ಮಾತ್ರೆ ನುಂಗಬೇಕು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಇದರ ಲಸಿಕೆ ಹಾಕುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ರೋಗದ ಜೊತೆಗೆ ಇದಕ್ಕೂ ದೇಶವ್ಯಾಪಿ ಲಸಿಕೆ ಕಾರ್ಯಕ್ರಮ ಶುರು ಮಾಡಿತು. ಹಾಗಾಗಿ ‘ಲಸಿಕೆ ಆಗಿದೆಯಾ?’ ಅಂತ ಕೇಳುವುದು ಖಂಡಿತಾ ಅಧಿಕಪ್ರಸಂಗವಲ್ಲ.

ಇಷ್ಟೆಲ್ಲಾ ಕೇಳಿ ಗಾಬರಿಯಾಗಬೇಡಿ. ಈ ರೋಗಾಣುಗಳಿಗೆಲ್ಲಾ ನಮ್ಮ ಅಜ್ಜಿಯಂದಿರೇ ಮದ್ದು ಕಂಡುಕೊಂಡಿದ್ದರು. ಅದೇ ಕಾಯಿಸುವುದು! ಡೇರಿಯಲ್ಲಿ ಪಾಶ್ಚರೀಕರಣ ಅಂದರೆ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ ಕೂಡಲೇ ತಣ್ಣಗಾಗಿಸುವುದು. ನಿಮ್ಮ ಒಲೆಯ ಮೇಲೆ ಉಕ್ಕು ಬರುವ ಹಾಲು ಇದನ್ನು ದಾಟಿ ಹೋಗಿರುತ್ತದೆ. ನೊರೆ ಎದ್ದ ಕೂಡಲೇ ಆರಿಸಬೇಡಿ. ಉರಿ ಸಣ್ಣ ಮಾಡಿ, ಸೌಟಿನಿಂದ ತಳ ತಿರುಗಿಸುತ್ತಾ ಇನ್ನೆರಡು ನಿಮಿಷ ಕುದಿಸಿ. ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ದಿನಕ್ಕೆ ನಾಲ್ಕು ಸಲ ಕಾಯಿಸುತ್ತಾ ಇರಬೇಕಿಲ್ಲ.

ಹಾಗಿದ್ದರೆ ‘ಕಾಯಿಸಿದರೆ ಸತ್ವ ಹೋಗುತ್ತೆ’ ಅನ್ನುತ್ತಾರಲ್ಲ? ಕೆಲವು ವಿಟಮಿನ್‌ಗಳು ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ನಾವು ಹಾಲು ಕುಡಿಯುವುದು ಮುಖ್ಯವಾಗಿ ಪ್ರೋಟೀನು, ಕ್ಯಾಲ್ಸಿಯಂಗೆ. ಅವೆರಡೂ ಎಲ್ಲಿಗೂ ಹೋಗುವುದಿಲ್ಲ.

ಪಂಚಾಮೃತ, ಗಿಣ್ಣು, ಬೆಣ್ಣೆ

ದಿನಾ ಕಾಯಿಸಿ ಕುಡಿಯುವ ನಾವೇ ಹಬ್ಬ ಹರಿದಿನಗಳಲ್ಲಿ ಮೈಮರೆಯುತ್ತೇವೆ. ಸತ್ಯನಾರಾಯಣ ಪೂಜೆಯ ಪಂಚಾಮೃತಕ್ಕೆ ‘ಕಾಯಿಸದ ಹಾಲೇ ಆಗಬೇಕು’ ಅಂತ ಹಿರಿಯರು ಹೇಳುತ್ತಾರೆ. ಕೊನೆಗೆ ಅದನ್ನು ಮೊದಲು ಕೊಡುವುದು ಪುಟ್ಟ ಮಕ್ಕಳಿಗೆ, ಬಸುರಿ ಸೊಸೆಗೆ, ಮನೆಯ ಹಿರಿಯರಿಗೆ. ಹಸಿ ಹಾಲಿನಿಂದ ಹೆಚ್ಚು ತೊಂದರೆ ಆಗುವುದೂ ಇವರಿಗೇ! ಇದಕ್ಕೆ ಸುಲಭದ ದಾರಿ ಇದೆ. ಪಂಚಾಮೃತಕ್ಕೆ ಪ್ಯಾಕೆಟ್ ಹಾಲು ಬಳಸಿ. ನೀವು ಒಲೆಯ ಮೇಲೆ ಇಟ್ಟಿಲ್ಲವಾದ್ದರಿಂದ ಅತ್ತೆಯವರ ಮಾತೂ ಉಳಿಯಿತು, ಪಾಶ್ಚರೀಕರಣ ಆಗಿರುವುದರಿಂದ ಆರೋಗ್ಯವೂ ಉಳಿಯಿತು. ವರ್ತನೆ ಹಾಲೇ ಬೇಕು ಅನ್ನುವುದಾದರೆ ಹಸಿ ಹಾಲನ್ನು ಅಭಿಷೇಕಕ್ಕಿಡಿ, ಪ್ರಸಾದಕ್ಕೆ ಕಾಯಿಸಿ ಆರಿಸಿದ್ದನ್ನು ಬೆರೆಸಿ. ನಾಗರ ಪಂಚಮಿಗೆ ತನಿ ಎರೆದು ಉಳಿದ ಹಾಲನ್ನೂ ಹಾಗೇ ಕುಡಿಯಬೇಡಿ.

ಗಿಣ್ಣು ಹಾಲು ಬಂದರೆ ಯಾರಿಗೆ ಬೇಡ? ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವುದು ನಮ್ಮ ರೂಢಿ, ಒಳ್ಳೆಯ ರೂಢಿ. ನಡು ಭಾಗವೂ ಪೂರ್ತಿ ಬೆಂದು ಗಟ್ಟಿಯಾಗಿದೆಯಾ ನೋಡಿ. ಕರು ಚೆನ್ನಾಗಿದೆಯಾ ಅಂತಲೂ ಒಂದು ಮಾತು ಕೇಳಿ. ಕಂದು ಹಾಕಿದ ಹಸುವಿನ ಹಾಲು ಬೇಡವೇ ಬೇಡ.

ನಮ್ಮ ಹಳೆಯ ಪದ್ಧತಿಯ ಬೆಣ್ಣೆ ಕಾಯಿಸಿದ ಹಾಲಿನ ಮೊಸರು ಕಡೆದು ತೆಗೆದದ್ದು. ಆದರೆ ಈಗ ಹಸಿ ಹಾಲಿನ ಕೆನೆಯನ್ನು ಯಂತ್ರದಲ್ಲಿ ಬೇರ್ಪಡಿಸಿ ತೆಗೆದ ಬೆಣ್ಣೆಯೂ ಮಾರಾಟಕ್ಕೆ ಬರುತ್ತದೆ. ಎರಡೂ ಕಣ್ಣಿಗೆ ಒಂದೇ ಥರ. ಹೇಗೆ ತೆಗೆದದ್ದು ಅಂತ ಗೊತ್ತಿಲ್ಲದಿದ್ದರೆ ರೊಟ್ಟಿಗೆ ಹಚ್ಚಬೇಡಿ, ಕಾಯಿಸಿ ತುಪ್ಪ ಮಾಡಿಕೊಳ್ಳಿ.

ಮನೆ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಓರೆಯಾಗಿ ಹಿಡಿದ ನುಣುಪಾದ ತಟ್ಟೆಯ ಮೇಲೆ ಒಂದು ಹನಿ ಹಾಲು ಬಿಡಿ. ಒಳ್ಳೆಯ ಹಾಲು ನಿಧಾನಕ್ಕೆ, ಹಿಂದೆ ಬಿಳಿ ಗೆರೆ ಬಿಡುತ್ತಾ ಇಳಿಯುತ್ತದೆ. ನೀರು ಬೆರೆತದ್ದು ಗುರುತೇ ಇಲ್ಲದೆ ಸರ್ರನೆ ಜಾರುತ್ತದೆ. ಹಾಲಿಗೆ ಅಷ್ಟೇ ನೀರು ಬೆರೆಸಿ ಜೋರಾಗಿ ಅಲುಗಾಡಿಸಿ. ದಟ್ಟ ನೊರೆ ನಿಂತೇ ಇದ್ದರೆ ಸೋಪಿನ ಪುಡಿಯ ಅನುಮಾನ. ಕಾಯಿಸಿ ಆರಿಸಿದ ಹಾಲಿಗೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿದಾಗ ನೀಲಿಯಾದರೆ ಹಿಟ್ಟು ಬೆರೆತಿದೆ. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿಬಿಡಿ.

ಲ್ಯಾಕ್ಟೋಮೀಟರ್ ಒಂದನ್ನೇ ನಂಬಬೇಡಿ. ನೀರು ಹಾಕಿದರೆ ಅದರ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆ ತೆಗೆದು ನೀರು ಹಾಕಿದರೆ? ಅಂಕಿ ಸರಿಯಾಗೇ ತೋರಿಸುತ್ತದೆ! ಅದಕ್ಕೇ ಕಾನೂನು ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ಎರಡನ್ನೂ ಅಳೆಯಬೇಕು ಅನ್ನುವುದು. ಹಸುವಿನ ಹಾಲಲ್ಲಿ ಕನಿಷ್ಠ ಶೇ 3.2 ಕೊಬ್ಬು, ಶೇ 8.3 ಘನಾಂಶ ಇರಬೇಕೆಂದು ನಿಗದಿ ಮಾಡಿದ್ದಾರೆ.

ಇನ್ನು ಮನೆ ಪರೀಕ್ಷೆಗೆ ಸಿಗದವು ಇವೆ. ರೋಗಾಣು ಇದೆಯಾ ಇಲ್ಲವಾ ಎಂದು ಮನೆಯಲ್ಲಿ ತಿಳಿಯಲು ಆಗುವುದಿಲ್ಲ. ಕಾಯಿಸಿದರೂ ಹೋಗದ ಎರಡು ಶತ್ರುಗಳೂ ಇವೆ. ಒಂದು, ಬೂಷ್ಟು ಹಿಡಿದ ಹಿಂಡಿ, ಜೋಳ ತಿಂದ ಹಸುವಿನ ಹಾಲಿಗೆ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ. ಇನ್ನೊಂದು, ಕೆಚ್ಚಲು ಬಾವಿಗೆ ಕೊಟ್ಟ ಆಂಟಿಬಯೋಟಿಕ್ ಔಷಧಿಯ ಅಂಶ. ಔಷಧಿ ಕೊಟ್ಟ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಬಾರದು. ಒಳ್ಳೆಯ ಹೆಪ್ಪು ಹಾಕಿದರೂ ಇದ್ದಕ್ಕಿದ್ದಂತೆ ಎರಡು ಮೂರು ದಿನ ಮೊಸರು ಕೂರದಿದ್ದರೆ ಒಮ್ಮೆ ಹಾಲಿನವರನ್ನು ಕೇಳಿ, ‘ಹಸುವಿಗೆ ಹುಷಾರಿರಲಿಲ್ವಾ, ಇಂಜೆಕ್ಷನ್ ಏನಾದ್ರೂ ಕೊಡಿಸಿದ್ರಾ?’ ಅಂತ.

2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದ ಎಲ್ಲೆಡೆಯಿಂದ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿತು. ಶೇ 93ರಷ್ಟು ಕುಡಿಯಲು ಸುರಕ್ಷಿತ ಎಂದು ಬಂತು. ಅಪಾಯ ತರುವಂಥ ಕಲಬೆರಕೆ ಸಿಕ್ಕಿದ್ದು ಬರೀ 12 ಮಾದರಿಗಳಲ್ಲಿ. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್, 77ರಲ್ಲಿ ಆಂಟಿಬಯೋಟಿಕ್ ಮಿತಿ ಮೀರಿತ್ತು. ಅಫ್ಲಾಟಾಕ್ಸಿನ್ ಬಿಡಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು ಕಂಡಿತು! ಅಂದರೆ ‘ಪ್ಯಾಕೆಟ್‌ನದೆಲ್ಲಾ ಒಳ್ಳೇದು, ಬಿಡಿ ಹಾಲೆಲ್ಲಾ ಕೆಟ್ಟದ್ದು’ ಅನ್ನುವ ಹಾಗಿಲ್ಲ. ನಾವು ಯೂರಿಯಾ, ಸೋಪಿನ ಪುಡಿ ಎಂದು ಹೆದರುತ್ತಾ ಕೂತರೆ ಕೊಟ್ಟಿಗೆಯ ಮೂಲೆಯಲ್ಲಿರುವ ಒದ್ದೆ ಹಿಂಡಿ ಮೂಟೆಯನ್ನು ಮರೆತಂತಾಗುತ್ತದೆ.

ಬಾಟಲಿ ಹಾಲಿನ ಮಾತು

ಬಾಟಲಿಯ ಫಾರ್ಮ್ ಹಾಲಿಗೆ ದುಬಾರಿ ಬೆಲೆ ಕೊಡುವಾಗ ಮೊದಲು ಚೀಟಿ ಓದಿ. ಪಾಶ್ಚರೀಕರಿಸಿದ್ದೋ, ಹಸಿಯದೋ? ಎರಡರಲ್ಲಿ ಯಾವುದು ಎಂದು ಬರೆದಿರದಿದ್ದರೆ ಹಸಿಯದೆಂದೇ ತಿಳಿದು ಕಾಯಿಸಿ. ಹಾಲು ನಿಮ್ಮ ಕೈ ಸೇರುವಾಗ ತಣ್ಣಗೆ ಇರಬೇಕು. ‘ಎ2’ ಅನ್ನುವ ಪದ ನೋಡಿ ಮರುಳಾಗಬೇಡಿ. 2024ರ ಆಗಸ್ಟ್‌ನಲ್ಲಿ ಈ ಹೆಸರನ್ನು ಲೇಬಲ್‌ನಿಂದ ತೆಗೆಯಿರಿ ಎಂದು ಎಫ್‌ಎಸ್‌ಎಸ್‌ಎಐ ಸೂಚಿಸಿತು, ಐದೇ ದಿನದಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಅದೇನೇ ಇರಲಿ, ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ವಿಚಾರ, ಶುಚಿತ್ವದ ಸರ್ಟಿಫಿಕೇಟ್ ಅಲ್ಲ. ನಾಟಿ ಹಸುವಿನ ಹಾಲನ್ನೂ ಕಾಯಿಸಲೇಬೇಕು.

ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿರುವ ಮಗಳು ‘ಇಲ್ಲಿ ಹಸಿ ಹಾಲು ಕುಡಿಯೋದು ಫ್ಯಾಷನ್ ಅಮ್ಮಾ’ ಅಂದರೆ ಅವಳಿಗೂ ಒಂದು ಮಾತು ಹೇಳಿ. ಅಮೆರಿಕದಲ್ಲಿ 1987ರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಸಿ ಹಾಲು ಒಯ್ದು ಮಾರುವಂತಿಲ್ಲ. ಒಳಗೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಸ್ಕಾಟ್ಲೆಂಡ್ 1983ರಲ್ಲೇ ಮಾರಾಟ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ರೈತ ನೇರವಾಗಿ ಮಾರಬಹುದು, ಆದರೆ ಇದರಲ್ಲಿ ಹಾನಿಕಾರಕ ಜೀವಾಣು ಇರಬಹುದು ಎಂಬ ಎಚ್ಚರಿಕೆ ಹಾಕಲೇಬೇಕು. 2024ರಲ್ಲಿ ಅಮೆರಿಕದ ಹಸುಗಳಿಗೆ ಹಕ್ಕಿಜ್ವರ ತಗುಲಿದಾಗ ವೈರಸ್ಸು ಹಸಿ ಹಾಲಿನಲ್ಲೇ ಸಿಕ್ಕಿತ್ತು. ನಮ್ಮ ಅಜ್ಜಿಯ ಕಾಯಿಸುವ ಪಾತ್ರೆಯನ್ನು ಅಲ್ಲಿಗೂ ಕಳಿಸಬೇಕೇನೋ!

ಅನುಮಾನ ಬಂದರೆ ಏನು ಮಾಡೋದು?

ಕಾಯ್ದೆಯ 40ನೇ ಸೆಕ್ಷನ್ ನಮ್ಮಂಥ ಗ್ರಾಹಕರಿಗಾಗಿಯೇ ಇದೆ. ಹಾಲನ್ನೋ ತುಪ್ಪವನ್ನೋ ಕೊಂಡವರು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹೀಗೆ ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕು. 14 ದಿನದೊಳಗೆ ವರದಿ ಕೊಡಬೇಕೆಂದಿದೆ. ನಿಯಮ ಮೀರಿದ್ದು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್. ದೂರು ಕೊಡುವುದಾದರೆ ನಿಮ್ಮ ಭಾಗದ ಆಹಾರ ಸುರಕ್ಷತಾ ಅಧಿಕಾರಿಯ ಬಳಿ ಹೋಗಬಹುದು.

ಆದರೆ ಮೊದಲ ಹೆಜ್ಜೆಯೇ ದೂರು ಆಗಬೇಕಾಗಿಲ್ಲ. ಎರಡು ಹಸು ಕಟ್ಟಿಕೊಂಡು, ಚುಮುಚುಮು ಚಳಿಯಲ್ಲಿ ಎದ್ದು ಸಗಣಿ ಬಾಚಿ, ಹಾಲು ಕರೆದು, ಹತ್ತು ಮನೆಗೆ ಹಾಕಿ ಬರುವ ಆ ಅಮ್ಮನಿಗೆ ನಿಮ್ಮ ವರ್ತನೆಯೇ ಮಕ್ಕಳ ಸ್ಕೂಲ್ ಫೀಸು. ಏನೂ ಹೇಳದೆ ಒಂದು ದಿನ ‘ನಾಳೆಯಿಂದ ಬೇಡ’ ಅಂದುಬಿಟ್ಟರೆ ಅವರು ಕಳೆದುಕೊಳ್ಳುವುದು ಏನು ಅಂತ ಸ್ವಲ್ಪ ಯೋಚಿಸಿ. ಅದರ ಬದಲು ‘ನೋಂದಣಿ ಮಾಡಿಸಿದ್ದೀರಾ?’ ಅಂತ ಕೇಳಿ. ಇಲ್ಲವಾದರೆ ಒಂದು ಭಾನುವಾರ ನಿಮ್ಮ ಮಗನೋ ಮಗಳೋ ಅರ್ಧ ಗಂಟೆ ಕಂಪ್ಯೂಟರ್ ಮುಂದೆ ಕೂತು ಅವರ ಫೋಟೋ, ಗುರುತಿನ ಚೀಟಿ ಹಾಕಿ ಅರ್ಜಿ ತುಂಬಿಕೊಡಲಿ. ನೂರು ರೂಪಾಯಿಯ ಸೀರೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ನಮಗೆ ಇದೇನು ದೊಡ್ಡ ಕೆಲಸವಲ್ಲ. ಅವರಿಗೆ ಅಂಜಿಕೆಯಿಲ್ಲದೆ ಮಾರುವ ಧೈರ್ಯ ಬರುತ್ತದೆ, ನಿಮಗೆ ನೆಮ್ಮದಿಯಿಂದ ಮಗುವಿನ ಕೈಗೆ ಲೋಟ ಕೊಡುವ ಧೈರ್ಯ ಬರುತ್ತದೆ.

ಕೇಳಿದ್ದಕ್ಕೆ ಸಿಟ್ಟಾಗುವವರು, ಕೊಟ್ಟಿಗೆ ತೋರಿಸಲು ಒಪ್ಪದವರು, ಎಷ್ಟು ಹೇಳಿದರೂ ಮುಚ್ಚದ ಕ್ಯಾನಿನಲ್ಲೇ ತರುವವರು ಇದ್ದರೆ ಮಾತ್ರ ದಾಕ್ಷಿಣ್ಯ ಬೇಡ. ಬೆಳ್ಳಗಿರುವುದೆಲ್ಲಾ ಹಾಲಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲವಲ್ಲ!

ನೆನಪಿರಲಿ

* ಹಾಲಿನವರ ನೋಂದಣಿ ಸಂಖ್ಯೆ ಕೇಳಿ, ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

* ವರ್ಷಕ್ಕೊಮ್ಮೆಯಾದರೂ ಕೊಟ್ಟಿಗೆ ನೋಡಿ ಬನ್ನಿ. ಒಣ ನೆಲ, ಶುದ್ಧ ನೀರು, ಮುಚ್ಚಳವಿರುವ ಸ್ಟೀಲ್ ಕ್ಯಾನ್, ಬೂಷ್ಟು ಹಿಡಿಯದ ಹಿಂಡಿ ಇರಲಿ.

* ಲಸಿಕೆ ಆಗಿದೆಯಾ, ಹಸು ಕಂದು ಹಾಕಿತ್ತಾ, ಔಷಧಿ ಕೊಡಿಸಿದ್ದಾರಾ ಎಂದು ಸಂಕೋಚವಿಲ್ಲದೆ ಕೇಳಿ.

* ನಿಮ್ಮ ಪಾತ್ರೆಯೂ ತೊಳೆದು ಒಣಗಿರಲಿ. ರಾತ್ರಿ ಉಳಿದ ಹಾಲಿನ ಪಾತ್ರೆಗೇ ಹೊಸ ಹಾಲು ಹಾಕಿಸಬೇಡಿ.

* ಹಾಲು ಬಂದ ಕೂಡಲೇ ಕಾಯಿಸಿ. ಕಾಯಿಸುವಾಗಲೇ ಒಡೆದುಹೋದರೆ ಪನೀರ್ ಮಾಡುವ ಆಸೆ ಬಿಡಿ. ಅದು ಹಳಸಿದ ಹಾಲು.

* ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಹಸಿ ಹಾಲು, ಹಸಿ ಹಾಲಿನ ಚೀಸ್ ಯಾವ ನೆಪದಲ್ಲೂ ಬೇಡ.

* ವಾರ ಕಳೆದರೂ ಬಿಡದ ಜ್ವರ, ಕೀಲು ನೋವು ಇದ್ದರೆ ಹಸಿ ಹಾಲು ಕುಡಿದಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.